ಕೊಂಬುಚಾ ಜಾಡಿ, ಅಂಬಲಿ ಮಡಕೆ ಮತ್ತು ಮುಟ್ಟಿನ ಲೆಕ್ಕ

ಕಳೆದ ಏಪ್ರಿಲ್‌ನಲ್ಲಿ ಒಂದು ರಾತ್ರಿ ನಮ್ಮ ಅಡುಗೆಮನೆಯಲ್ಲಿ ಬಾಟಲಿ ಸಿಡಿಯಿತು. ಎರಡು ಗಂಟೆ ಹೊತ್ತಿರಬೇಕು. ದಾವಣಗೆರೆಯ ಏಪ್ರಿಲ್ ಗೊತ್ತಲ್ಲ, ಫ್ಯಾನ್ ತಿರುಗಿದರೂ ಬರುವುದು ಬಿಸಿಗಾಳಿಯೇ, ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಢಂ ಅಂದಾಗ ಸಿಲಿಂಡರ್ರೇ ಹೋಯಿತು ಅಂದುಕೊಂಡು ಓಡಿದೆವು. ನೋಡಿದರೆ ಗೋಡೆ ಮೇಲೆಲ್ಲ ಕೆಂಪು ನೀರು, ಮಂಡಕ್ಕಿ ಡಬ್ಬದ ಸುತ್ತ ಗಾಜಿನ ಚೂರು, ಮನೆ ತುಂಬಾ ಹುಳಿ ವಾಸನೆ. ಅಕ್ಕನ ಮಗಳು ಬೀಟ್ರೂಟ್ ರಸ ಸೇರಿಸಿ, ಮುಚ್ಚಳ ಬಿಗಿ ಮಾಡಿ, ಒಲೆ ಪಕ್ಕದ ಕಟ್ಟೆ ಮೇಲೆ ಇಟ್ಟಿದ್ದ ಕೊಂಬುಚಾ ಅನ್ನುವ ಹುಳಿ ಟೀ ಅದು.

ಅವಳು ನಮ್ಮ ಮನೆಯಲ್ಲಿದ್ದುಕೊಂಡೇ ಡಿಗ್ರಿ ಓದುತ್ತಾಳೆ. ಅಷ್ಟೊತ್ತಿಗೆ ಆರು ತಿಂಗಳಿಂದ ದಿನಾ ಬೆಳಗ್ಗೆ ಒಂದು ಲೋಟ ಅದನ್ನೇ ಕುಡಿಯುತ್ತಿದ್ದಳು. ಯಾಕೆ ಅಂದರೆ "ಗಟ್ ಸರಿ ಇದ್ರೆ ಹಾರ್ಮೋನ್ ಸರಿ ಇರುತ್ತೆ ಚಿಕ್ಕಮ್ಮ, ಡೇಟ್ ಟೈಮಲ್ಲಿ ನೋವೂ ಕಮ್ಮಿ ಆಗುತ್ತೆ, ಬೀಟ್ರೂಟ್ ಹಾಕಿದ್ರೆ ರಕ್ತಾನೂ ಆಗುತ್ತೆ" ಅನ್ನುತ್ತಿದ್ದಳು. ಗಟ್ ಅಂದರೆ ಕರುಳು. ನಾನೂ ಸುಮ್ಮನಿದ್ದೆ. ತಿಂಗಳು ತಿಂಗಳು ಮಾತ್ರೆ ನುಂಗುವುದಕ್ಕಿಂತ ಇದೇ ವಾಸಿ ಅನ್ನಿಸಿತ್ತು. ಜೂನ್‌ನಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವಾಗ ತಲೆ ಸುತ್ತಿ ಕೂತುಬಿಟ್ಟಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್, ಅಂದರೆ ಕಬ್ಬಿಣದಿಂದ ಆಗುವ ರಕ್ತದ ಕೆಂಪು ಅಂಶ, 7.4. ಹೆಂಗಸರಿಗೆ ಕನಿಷ್ಠ 12 ಇರಬೇಕು, 8ಕ್ಕಿಂತ ಕೆಳಗೆ ಇಳಿದರೆ ತೀವ್ರ ರಕ್ತಹೀನತೆ ಅಂತಲೇ ಲೆಕ್ಕ.

ಕೊಂಬುಚಾಗೆ ಬೈಯೋಣ ಅಂತ ಇದನ್ನು ಬರೆಯುತ್ತಿಲ್ಲ. ಪಾಪ, ಜಾಡಿ ಏನು ಮಾಡೀತು? ಅದರ ಕೈಲಾಗದ ಕೆಲಸವನ್ನು ಅದಕ್ಕೆ ಒಪ್ಪಿಸಿ ನಾವೆಲ್ಲ ನಿಶ್ಚಿಂತೆಯಿಂದ ಕೂತಿದ್ದೆವು. ಅಷ್ಟೂ ತಿಂಗಳು ಮನೆಯಲ್ಲಿ ಒಬ್ಬರಾದರೂ "ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತೆ ನಿಂಗೆ?" ಅಂತ ಅವಳನ್ನು ಕೇಳಿರಲಿಲ್ಲ.

ಮೊದಲು ಜಾಡಿ ಒಳಗೆ ಏನಾಗುತ್ತದೆ ನೋಡೋಣ. ಕೊಂಬುಚಾ ಅಂದರೆ ಸಕ್ಕರೆ ಹಾಕಿ ಹುಳಿ ಬರಿಸಿದ ಟೀ ಡಿಕಾಕ್ಷನ್, ಅಷ್ಟೇ. ಅದರ ಮೇಲೆ ಸೆಟ್ ದೋಸೆ ಥರ ತೇಲುವ ದಪ್ಪ ಪದರಕ್ಕೆ ಸ್ಕೋಬಿ ಅನ್ನುತ್ತಾರೆ. ನಮ್ಮಮ್ಮ ಮೊದಲ ಸಲ ನೋಡಿದಾಗ "ಇದೇನೇ, ಚರ್ಮ ಇದ್ದಂಗೈತೆ" ಅಂದಿದ್ದಳು. ಅಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಒಟ್ಟಿಗೆ ಸಂಸಾರ ಮಾಡುತ್ತವೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ. ಬ್ಯಾಕ್ಟೀರಿಯಾ ಗಾಳಿ ಬಳಸಿಕೊಂಡು ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ, ವಿನಿಗರ್‌ನಲ್ಲಿರುವ ಹುಳಿಯೂ ಅದೇ. ಬಟ್ಟೆ ಕಟ್ಟಿದ ಜಾಡಿಯಲ್ಲಿ ಇದೆಲ್ಲ ನೆಟ್ಟಗೆ ನಡೆಯುತ್ತದೆ. ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿದಿರೋ, ಗಾಳಿ ಇಲ್ಲ, ಬ್ಯಾಕ್ಟೀರಿಯಾ ಕೈ ಕಟ್ಟಿ ಕೂರುತ್ತದೆ, ಯೀಸ್ಟ್ ಮಾತ್ರ ಕೆಲಸ ಮುಂದುವರಿಸುತ್ತದೆ. ಮೇಲೆ ಬೀಟ್ರೂಟಿನ ಸಕ್ಕರೆ ಬೇರೆ ಸಿಕ್ಕಿತು. ಗ್ಯಾಸ್‌ಗೆ ಹೋಗಲು ದಾರಿಯಿಲ್ಲ. ಮುಂದಿನದ್ದು ನಮ್ಮ ಗೋಡೆ ನೋಡಿದರೆ ಗೊತ್ತಾಗುತ್ತಿತ್ತು.

ಇದರಲ್ಲಿ ಊರಿನ ಪಾತ್ರವೂ ಇದೆ. ಮೊಬೈಲ್‌ನಲ್ಲಿ ಸಿಗುವ ವಿಧಾನಗಳಲ್ಲಿ ಏಳರಿಂದ ಹದಿನಾಲ್ಕು ದಿನ ಹುಳಿ ಬರಿಸಿ ಅಂತ ಇರುತ್ತದೆ. ಅದು 20ರಿಂದ 28 ಡಿಗ್ರಿ ಇರುವ ಮನೆಗಳ ಲೆಕ್ಕ. ದಾವಣಗೆರೆ, ಚಿತ್ರದುರ್ಗದ ಬೇಸಿಗೆಯಲ್ಲಿ ಹೊರಗೆ 38, 39 ಡಿಗ್ರಿ ಇರುವಾಗ, ಬೆಳಗ್ಗೆ ಹೆಪ್ಪು ಹಾಕಿದ ಹಾಲು ಮಧ್ಯಾಹ್ನದ ಊಟಕ್ಕೆ ಮೊಸರಾಗಿರುವಾಗ, ಆ ದಿನಗಳ ಲೆಕ್ಕ ಇಲ್ಲಿ ನಡೆಯಲ್ಲ. ನಾಲ್ಕೈದು ದಿನಕ್ಕೇ ಹುಳಿ ಏರಿರುತ್ತದೆ. ಬಾಟಲಿಗೆ ಹಾಕಿದ ಮೇಲಂತೂ ದಿನಕ್ಕೊಂದು ಸಲ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು, ಬೇಗ ಫ್ರಿಜ್‌ಗೆ ಇಡಬೇಕು. ಆಲ್ಕೋಹಾಲ್ ವಿಷಯವೂ ಹಾಗೇ. ನಮ್ಮ ದೇಶದ ಆಹಾರ ನಿಯಮದಲ್ಲಿ ಶೇ 0.5ಕ್ಕಿಂತ ಜಾಸ್ತಿ ಇದ್ದರೆ ಅದು ಮದ್ಯದ ಸಾಲಿಗೆ ಸೇರುತ್ತದೆ, ಮನೆಯಲ್ಲಿ ಮುಚ್ಚಿಟ್ಟ ಬಾಟಲಿ ಸುಲಭವಾಗಿ ಆ ಗಡಿ ದಾಟುತ್ತದೆ. ಮಠಕ್ಕೆ ಹೋಗುವ ಮುಂಚೆ ಕೊಂಬುಚಾ ಕುಡಿದು ಹೋಗುವವರಿಗೆ ಇದು ಗೊತ್ತಿದೆಯೋ ಇಲ್ಲವೋ!

ಅಪಾಯ ದೊಡ್ಡದಲ್ಲ, ಆದರೆ ಸೊನ್ನೆಯೂ ಅಲ್ಲ. 1995ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ದಿನಾ ಕೊಂಬುಚಾ ಕುಡಿಯುತ್ತಿದ್ದ ಇಬ್ಬರು ಹೆಂಗಸರು ರಕ್ತದಲ್ಲಿ ಆಮ್ಲ ವಿಪರೀತ ಏರಿ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಕೊಂಬುಚಾವೇ ಕಾರಣ ಅಂತ ಸಾಬೀತಾಗಲಿಲ್ಲ. ಆದರೂ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಆಗ ಹೇಳಿದ್ದು, ಆರೋಗ್ಯವಂತರಿಗೆ ದಿನಕ್ಕೆ ಸುಮಾರು 120 ಮಿಲಿಲೀಟರ್‌ನಿಂದ ತೊಂದರೆ ಆಗಲಿಕ್ಕಿಲ್ಲ ಅಂತ. ಅಂದರೆ ಒಂದು ಸಣ್ಣ ಲೋಟ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು, ಕಿಡ್ನಿ ತೊಂದರೆ ಇರುವವರು ಅದನ್ನೂ ಕುಡಿಯದಿರುವುದೇ ಒಳ್ಳೆಯದು. ಮೇಲೆ ಹಸಿರೋ ಕಪ್ಪೋ ನವಿರು ನವಿರಾಗಿ ಬೂಸ್ಟು ಬಂದರೆ ಅಷ್ಟನ್ನು ತೆಗೆದು ಉಳಿದದ್ದು ಕುಡಿಯುವುದಲ್ಲ, ಇಡೀ ಜಾಡಿ ಚೆಲ್ಲಬೇಕು. ಇನ್ನು ಪಾತ್ರೆ. ಈಗ ತಾಮ್ರದ ಬಾಟಲಿ ಫ್ಯಾಷನ್ ಅಲ್ವಾ, ಅದರಲ್ಲಿ ಹುಳಿ ಬರಿಸಲು ಹೋಗಬೇಡಿ. ನಮ್ಮಜ್ಜಿ ಕಲಾಯಿ ಹೋದ ಹಿತ್ತಾಳೆ ಪಾತ್ರೆಗೆ ಮಜ್ಜಿಗೆ ಹಾಕಿದರೆ ರೇಗುತ್ತಿದ್ದಳು, "ಕಿಲುಬು ಕುಡೀತೀರೇನು?" ಅಂತ. ಹುಳಿ ತಾಮ್ರವನ್ನು ಕರಗಿಸುತ್ತದೆ ಅನ್ನುವ ಕೆಮಿಸ್ಟ್ರಿ ಅವಳಿಗೆ ಶಾಲೆಗೆ ಹೋಗದೆಯೂ ಗೊತ್ತಿತ್ತು.

ಅಜ್ಜಿ ಅಂದಕೂಡಲೇ ಅಂಬಲಿ ನೆನಪಾಗುತ್ತದೆ. ನಮ್ಮ ತವರು ಜಗಳೂರು ಕಡೆ. ಈಗ ದಾವಣಗೆರೆ ಜಿಲ್ಲೆ, 1997ಕ್ಕೆ ಮುಂಚೆ ಚಿತ್ರದುರ್ಗಕ್ಕೆ ಸೇರಿತ್ತು, ನೀರಿನ ಕಷ್ಟ ಮಾತ್ರ ಎರಡು ಜಿಲ್ಲೆಯಲ್ಲೂ ಒಂದೇ. ಬೇಸಿಗೆ ಬಂತೆಂದರೆ ಮನೆ ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಮಡಕೆ ಕೂರುತ್ತಿತ್ತು. ರಾತ್ರಿ ಊಟದ ಮೇಲೆ ಅಜ್ಜಿ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಹಾಕಿ ತಿರುವಿ, ಗಂಜಿ ಆರುವವರೆಗೆ ಕಟ್ಟೆ ಮೇಲೆ ಕೂತು ಅವರಿವರ ಸುದ್ದಿ ಮಾತಾಡಿ, ಆಮೇಲೆ ಒಂದು ಸೌಟು ಹುಳಿ ಮಜ್ಜಿಗೆ ಬೆರೆಸಿ ಮಡಕೆಗೆ ಸುರಿಯುತ್ತಿದ್ದಳು. ಬಿಸಿ ಇರುವಾಗ ಮಜ್ಜಿಗೆ ಹಾಕಬಾರದು ಅನ್ನುವುದು ಕಟ್ಟುನಿಟ್ಟು. ಬೆಳಗ್ಗೆ ಮೇಲೆ ತಿಳಿ ನೀರು ನಿಂತು, ಸಣ್ಣ ಗುಳ್ಳೆ ಎದ್ದಿರುತ್ತಿದ್ದವು. ಉಪ್ಪು, ಹಸಿಮೆಣಸಿನಕಾಯಿ, ಜಜ್ಜಿದ ಈರುಳ್ಳಿ. ಹೊಲಕ್ಕೆ ಹೋಗುವವರಿಗೆ ತಂಬಿಗೆ ತುಂಬಾ. ಮಧ್ಯಾಹ್ನದೊಳಗೆ ಮಡಕೆ ಖಾಲಿ ಆಗಬೇಕು, ಉಳಿದರೆ ಎಮ್ಮೆಗೆ.

ಈ ಪದ್ಧತಿಯೊಳಗೇ ಒಂದು ಸುರಕ್ಷತೆ ಅಡಗಿದೆ. ಗಂಜಿ ಬೆಂದಿರುತ್ತದೆ, ಹಾಗಾಗಿ ಹಳೆಯ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಸತ್ತಿರುತ್ತವೆ. ಮಜ್ಜಿಗೆಯಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಬೇಗ ಹುಳಿ ಏರಿಸಿ ಬೇರೆಯದಕ್ಕೆ ಜಾಗ ಕೊಡುವುದಿಲ್ಲ. ಬಾಯಿ ತೆರೆದ ಮಡಕೆ, ಗ್ಯಾಸ್ ಕಟ್ಟುವ ಪ್ರಶ್ನೆಯೇ ಇಲ್ಲ. ಒಂದೇ ರಾತ್ರಿಯ ಕೆಲಸ, ಆಲ್ಕೋಹಾಲ್ ಲೆಕ್ಕಕ್ಕೆ ಬರುವಷ್ಟು ಆಗುವುದಿಲ್ಲ. ಸಕ್ಕರೆ ಹಾಕುವುದೇ ಇಲ್ಲ. ಕೊಂಬುಚಾಗೆ ಲೀಟರ್‌ಗೆ 60ರಿಂದ 100 ಗ್ರಾಂ ಸಕ್ಕರೆ ಬೀಳುತ್ತದೆ, ಅದನ್ನೆಲ್ಲ ಯೀಸ್ಟೇ ತಿಂದು ಮುಗಿಸುತ್ತದೆ ಅನ್ನುವುದು ಸುಳ್ಳು. ಕುಡಿಯಲು ರುಚಿ ಅನ್ನಿಸುವ ಹಂತದಲ್ಲಿ ಸುಮಾರು ಸಕ್ಕರೆ ಇನ್ನೂ ಉಳಿದೇ ಇರುತ್ತದೆ. ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಅಂತ ಸಿಹಿ ಬಿಟ್ಟು ಕೊಂಬುಚಾ ಹಿಡಿದ ಹುಡುಗಿಯರು ಇದನ್ನು ಒಂದ್ಸಲ ಯೋಚಿಸಬೇಕು. ಅಂಗಡಿಯಲ್ಲಿ ನಾನೇ ಒಂದು ಬಾಟಲಿಗೆ 180 ರೂಪಾಯಿ ಕೊಟ್ಟಿದ್ದೇನೆ, ಆ ದುಡ್ಡಿಗೆ ಎಷ್ಟು ಸೇರು ರಾಗಿ ಬರುತ್ತದೆ ಅಂತ ಅಮ್ಮ ಲೆಕ್ಕ ಹಾಕಿ ಹೇಳಿದ ಮೇಲೆ ಮತ್ತೆ ತಂದಿಲ್ಲ.

ಅಂಬಲಿಗೂ ಮಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ರಾಗಿ ಕ್ಯಾಲ್ಸಿಯಂನಲ್ಲಿ ರಾಜ, 100 ಗ್ರಾಂಗೆ 340 ಮಿಲಿಗ್ರಾಂಗೂ ಜಾಸ್ತಿ. ಕಬ್ಬಿಣದಲ್ಲಿ ಹಾಗಲ್ಲ, 100 ಗ್ರಾಂಗೆ ನಾಲ್ಕೈದು ಮಿಲಿಗ್ರಾಂ ಅಷ್ಟೇ. ಅದರಲ್ಲೂ ಕಾಳಿನಲ್ಲಿರುವ ಫೈಟೇಟ್ ಅನ್ನುವ ವಸ್ತು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡು ಹೊಟ್ಟೆಯಲ್ಲಿ ಬಿಟ್ಟುಕೊಡುವುದಿಲ್ಲ. ಮೊಳಕೆ ಕಟ್ಟಿಸಿದರೆ, ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಹುಳಿ ಅಂಬಲಿಯಿಂದ ಆಗುವ ನಿಜವಾದ ಉಪಕಾರ ಇದು. ಕೇಳಲು ಸಣ್ಣದು, ಆದರೆ ಖಚಿತ.

ಇನ್ನು "ಗಟ್ ಸರಿ ಇದ್ದರೆ ಹಾರ್ಮೋನ್ ಸರಿ" ಅನ್ನುವ ಮಾತು. ಪೂರ್ತಿ ಬುರುಡೆ ಅಲ್ಲ. ದೇಹ ಬಳಸಿ ಮುಗಿಸಿದ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಪಿತ್ತದ ಮೂಲಕ ಕರುಳಿಗೆ ಬರುತ್ತದೆ, ಅಲ್ಲಿನ ಕೆಲವು ಬ್ಯಾಕ್ಟೀರಿಯಾ ಅದರಲ್ಲಿ ಸ್ವಲ್ಪವನ್ನು ಬಿಡಿಸಿ ಮತ್ತೆ ರಕ್ತಕ್ಕೆ ವಾಪಸ್ ಹೋಗುವಂತೆ ಮಾಡುತ್ತವೆ. ಇದು ನಿಜ, ವಿಜ್ಞಾನಿಗಳು ಇದರ ಬೆನ್ನು ಬಿದ್ದಿದ್ದಾರೆ. ಆದರೆ ಅಲ್ಲಿಂದ "ದಿನಾ ಒಂದು ಲೋಟ ಕುಡಿದರೆ ಮುಟ್ಟು ಸರಿಯಾಗುತ್ತದೆ" ಅನ್ನುವವರೆಗೆ ಹಾರುವುದು, ಚಿತ್ರದುರ್ಗದ ಕೋಟೆ ಬಾಗಿಲಲ್ಲಿ ನಿಂತು ಮೇಲಿನ ತುಪ್ಪದ ಕೊಳ ಮುಟ್ಟಿದೆ ಅಂದಂತೆ. ನಡುವೆ ಎಷ್ಟು ಮೆಟ್ಟಿಲಿದೆ ಅಂತ ಹತ್ತಿದವರಿಗೆ ಗೊತ್ತು. ಮನೆ ಜಾಡಿಯಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಎಷ್ಟಿದೆ ಅನ್ನುವುದೇ ಪ್ರತಿ ಸಲ ಬೇರೆ. ಮುಟ್ಟಿನ ತೊಂದರೆಗೆ ಅದನ್ನು ಔಷಧಿ ಅನ್ನಲು ಬೇಕಾದ ಪುರಾವೆ ಇಲ್ಲ. ಮುಟ್ಟಿನ ಚಕ್ರದ ಮೊದಲ ಎರಡು ವಾರ ಕೆಲವು ಬೀಜ, ಆಮೇಲಿನ ಎರಡು ವಾರ ಬೇರೆ ಬೀಜ ತಿನ್ನುವ ಸೀಡ್ ಸೈಕ್ಲಿಂಗ್ ಕೂಡ ಹೀಗೇ. ಅಗಸೆ, ಕುಂಬಳಬೀಜ, ಎಳ್ಳು ಎಲ್ಲ ಒಳ್ಳೆಯ ಆಹಾರವೇ, ಪಂಚಾಂಗ ನೋಡಿ ತಿಂದರೆ ಹಾರ್ಮೋನ್ ಮಾತು ಕೇಳುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ.

ಒಂದು ತಮಾಷೆ ನೋಡಿ. ಹುಳಿ ಬರಿಸುವುದಕ್ಕೂ ಮುಟ್ಟಿಗೂ ನಮ್ಮ ಮನೆಗಳಲ್ಲಿ ಹಳೇ ನಂಟಿದೆ, ಬೇರೆ ಥರದ್ದು. "ಹೊರಗಾದವಳು" ಹೆಪ್ಪು ಹಾಕಬಾರದು, ಮೊಸರು ಕೆಡುತ್ತದೆ. ಉಪ್ಪಿನಕಾಯಿ ಜಾಡಿ ಮುಟ್ಟಬಾರದು, ಬೂಸ್ಟು ಬರುತ್ತದೆ. ಆ ದಿನಗಳಲ್ಲಿ ಮೊಸರು, ಹುಳಿ ತಿನ್ನಲೇಬಾರದು ಅನ್ನುವ ಮನೆಗಳೂ ಇವೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಬೇಕಂತಲೇ ಆ ದಿನ ಹೆಪ್ಪು ಹಾಕಿದ್ದೆ, ಮೊಸರು ಕಲ್ಲಿನಂತೆ ಗಟ್ಟಿಯಾಗಿತ್ತು, ಎಲ್ಲರೂ ತಿಂದರು, ಯಾರಿಗೂ ಹೇಳಲಿಲ್ಲ, ಇವತ್ತು ಹೇಳುತ್ತಿದ್ದೇನೆ. ಆಗ ಮುಟ್ಟಾದವಳಿಂದ ಜಾಡಿ ಕಾಪಾಡುತ್ತಿದ್ದರು, ಈಗ ಮುಟ್ಟಾದವಳನ್ನು ಜಾಡಿ ಕಾಪಾಡುತ್ತದೆ ಅನ್ನುತ್ತಾರೆ. ಎರಡರಲ್ಲೂ ಅವಳಿಗೆ ಎಷ್ಟು ರಕ್ತ ಹೋಗುತ್ತಿದೆ, ಎಲ್ಲಿ ನೋಯುತ್ತಿದೆ ಅನ್ನುವ ಮಾತೇ ಇಲ್ಲ. ಚಿತ್ರದುರ್ಗ, ತುಮಕೂರು ಕಡೆಯ ಎಷ್ಟೋ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು ಊರಾಚೆ ಗುಡಿಸಲಲ್ಲಿ ಇರುತ್ತಿದ್ದರು, ಅದನ್ನು ತಪ್ಪಿಸಲು ಅಂತ ಸರ್ಕಾರ ಕೃಷ್ಣಕುಟೀರ ಅನ್ನುವ ಕಟ್ಟಡ ಕಟ್ಟಿಸಿತು. ಗುಡಿಸಲು ಹೋಗಿ ಆರ್‌ಸಿಸಿ ಬಂತು, ಹೊರಗೆ ಇರುವುದು ಹಾಗೇ ಉಳಿಯಿತು. "ಹಿಂದಿನವರು ಸುಮ್ನೆ ಮಾಡಿರ್ತಾರಾ" ಅಂತ ಅಂಬಲಿಗೆ ಹೇಳುವವರು ಇದಕ್ಕೂ ಅದನ್ನೇ ಹೇಳುತ್ತಾರೆ. ಹಿಂದಿನವರು ಮಾಡಿದ್ದರಲ್ಲಿ ಆರಿಸಿಕೊಳ್ಳಲೇಬೇಕು, ಬೇರೆ ದಾರಿ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಮುಟ್ಟಿಗೆ ಸಾಮಾನ್ಯವಾಗಿ 30, 40 ಮಿಲಿಲೀಟರ್ ರಕ್ತ ಹೋಗುತ್ತದೆ. 80 ದಾಟಿದರೆ ಅತಿಸ್ರಾವ. ಒಂದು ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅಂದರೆ 80 ಮಿಲಿಲೀಟರ್ ಹೋದವಳಿಗೆ ತಿಂಗಳಿಗೆ 40 ಮಿಲಿಗ್ರಾಂ ಖೋತಾ, ದಿನಕ್ಕೆ ಹಂಚಿದರೆ 1.3 ಮಿಲಿಗ್ರಾಂ. ಬೀಟ್ರೂಟ್‌ನಲ್ಲಿ 100 ಗ್ರಾಂಗೆ ಇರುವ ಕಬ್ಬಿಣ 0.8 ಮಿಲಿಗ್ರಾಂ ಆಸುಪಾಸು, ಅದರಲ್ಲಿ ದೇಹ ಹೀರಿಕೊಳ್ಳುವುದು ಹತ್ತರಲ್ಲಿ ಒಂದು ಪಾಲು ಅಂತಿಟ್ಟುಕೊಳ್ಳಿ. ಈ ಖೋತಾ ತುಂಬಲು ದಿನಾ ಒಂದೂವರೆ ಕೆಜಿಗೂ ಜಾಸ್ತಿ ಬೀಟ್ರೂಟ್ ತಿನ್ನಬೇಕು. ಬಣ್ಣ ಕೆಂಪು ಅಂತ ರಕ್ತ ಆಗುವುದಿಲ್ಲ, ಹಾಗಾಗುವುದಾದರೆ ಬ್ಯಾಡಗಿ ಮೆಣಸಿನಕಾಯಿ ತಿನ್ನುವ ನಮಗ್ಯಾರಿಗೂ ರಕ್ತಹೀನತೆ ಇರಬಾರದಿತ್ತು.

ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಜನಕ್ಕೆ ರಕ್ತಹೀನತೆ, ದೇಶದಲ್ಲಿ ಶೇ 57. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಅಂತ 2020ರಲ್ಲಿ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದೆ, ಗಂಡಸರಿಗೆ 19. ಮನೆಯಲ್ಲಿ ಕೊನೆಗೆ ಉಂಡು ಕಡಿಮೆ ತಿನ್ನುವವಳಿಗೇ ಜಾಸ್ತಿ ಬೇಕು.

ಇಲ್ಲಿ ಊಟದಿಂದ ಆಗುವ ಕೆಲಸವೂ ಇದೆ, ಅದನ್ನು ಯಾಕೆ ಬಿಡಬೇಕು? ಸೊಪ್ಪು, ಕಾಳು, ಸಜ್ಜೆ, ತಿನ್ನುವವರಾದರೆ ಮಾಂಸ, ಅದರಲ್ಲೂ ಕಾರ್ಜ. ಹುಳಿ ಸಾರನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಸ್ವಲ್ಪ ಕಬ್ಬಿಣ ಸಾರಿಗೆ ಇಳಿಯುತ್ತದೆ. ಊಟದ ಜೊತೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಪೇರಲವೋ ಇದ್ದರೆ ವಿಟಮಿನ್ ಸಿ ಇಂದ ದೇಹ ಕಬ್ಬಿಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಟೀ ಇದಕ್ಕೆ ಉಲ್ಟಾ. ಅದರಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದು ಹಾಕುತ್ತದೆ. ನಮ್ಮೂರಲ್ಲಿ ಬೆಣ್ಣೆದೋಸೆ ತಿಂದ ಬಾಯಲ್ಲೇ ಟೀ, ಮಂಡಕ್ಕಿ ಮಿರ್ಚಿ ಜೊತೆ ಟೀ, ಊಟ ಆಗಿ ಕೈ ಒರೆಸುವ ಮುಂಚೆ ಟೀ. ಒಂದು ಗಂಟೆ ಬಿಟ್ಟು ಕುಡಿದರೆ ನಷ್ಟ ಎಷ್ಟೋ ಕಡಿಮೆ. ಕೊಂಬುಚಾ ಕೂಡ ಟೀಯೇ ಅಲ್ವಾ? ಹುಳಿ ಬಂದ ಮಾತ್ರಕ್ಕೆ ಟ್ಯಾನಿನ್ ಎಲ್ಲ ಮಾಯವಾಗುವುದಿಲ್ಲ. ನಮ್ಮ ಹುಡುಗಿ ರಕ್ತ ಆಗಲಿ ಅಂತ ತಿಂಡಿ ಜೊತೆ ಕುಡಿಯುತ್ತಿದ್ದದ್ದು ಅದನ್ನೇ.

ಆದರೆ ಒಮ್ಮೆ ಹಿಮೋಗ್ಲೋಬಿನ್ 7, 8ಕ್ಕೆ ಇಳಿದ ಮೇಲೆ ಊಟದಿಂದ ಮಾತ್ರ ಅದನ್ನು ಮೇಲೆತ್ತಲು ಆಗುವುದಿಲ್ಲ. ಮಾತ್ರೆಯೋ ಇಂಜೆಕ್ಷನ್ನೋ ಬೇಕೇ ಬೇಕು. ಸರ್ಕಾರಿ ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಮೇಲಿನ ಬೀಟ್ರೂಟ್ ಲೆಕ್ಕದ ಪಕ್ಕ ಇಟ್ಟು ನೋಡಿ. ಎಷ್ಟು ಮಕ್ಕಳು ಅದನ್ನು ಕಿಟಕಿ ಹೊರಗೆ ಎಸೆಯುತ್ತಾರೆ ಅಂತ ಯಾವ ಟೀಚರನ್ನು ಕೇಳಿದರೂ ನಗುತ್ತಾರೆ. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಭಯ ಆಗುತ್ತದೆ. ಕಪ್ಪಾಗುವುದು ಸಹಜ ಅಂತ ಕೊಡುವಾಗಲೇ ಹೇಳಿದರೆ ಅರ್ಧದಷ್ಟು ಮಾತ್ರೆಯಾದರೂ ಹೊಟ್ಟೆಗೆ ಸೇರಾವು.

ನೋವಿನ ವಿಷಯ ಬೇರೆ. ಮುಟ್ಟಿನ ಹೊತ್ತಲ್ಲಿ ಗರ್ಭಕೋಶದ ಒಳಪದರದಿಂದ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಬರುತ್ತದೆ, ಅದು ಗರ್ಭಕೋಶವನ್ನು ಹಿಂಡಿಸುತ್ತದೆ, ಕಿಬ್ಬೊಟ್ಟೆ ಸೆಳೆಯುತ್ತದೆ. ಮೆಫೆನಾಮಿಕ್ ಆಮ್ಲ, ಐಬುಪ್ರೊಫೇನ್ ಥರದ ಮಾತ್ರೆಗಳು ಆ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. 2023ರ ನವೆಂಬರ್ ಕೊನೆಯಲ್ಲಿ ಔಷಧಿಗಳ ಗುಣಮಟ್ಟ ನೋಡುವ ಭಾರತೀಯ ಫಾರ್ಮಕೋಪಿಯಾ ಆಯೋಗ ಮೆಫೆನಾಮಿಕ್ ಆಮ್ಲದಿಂದ ಡ್ರೆಸ್ ಅನ್ನುವ ತೀವ್ರ ಅಲರ್ಜಿ ಆಗಬಹುದು, ಗಮನ ಇಡಿ ಅಂತ ಎಚ್ಚರಿಕೆ ಕೊಟ್ಟಿತು. ಅದು ಅಪರೂಪದ ಪರಿಣಾಮ, ಮಾತ್ರೆಯನ್ನು ನಿಷೇಧಿಸಲೂ ಇಲ್ಲ. ಆದರೆ ಮೊಬೈಲ್‌ನಿಂದ ಮೊಬೈಲ್‌ಗೆ ಹೋಗುವಷ್ಟರಲ್ಲಿ "ಮುಟ್ಟಿನ ಮಾತ್ರೆ ತಗೊಂಡ್ರೆ ಸಾಯ್ತಾರಂತೆ" ಆಯಿತು. ನಮ್ಮ ಮನೆಯಲ್ಲಿ ಮಾತ್ರೆ ನಿಂತಿದ್ದೂ ಆಮೇಲೆಯೇ. ಮೈ ಮೇಲೆ ದದ್ದು, ಜ್ವರ ಬಂದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರು ಕೇಳದೆ ತೆಗೆದುಕೊಳ್ಳಬಾರದು, ಉಳಿದವರು ಊಟ ಆದಮೇಲೆ ಎರಡು ಮೂರು ದಿನ ನುಂಗುವುದರಲ್ಲಿ ಪಾಪವೇನಿಲ್ಲ.

ಮನೆ ಮದ್ದಿನಲ್ಲಿ ನೋವಿಗೆ ಕೆಲಸ ಮಾಡುವುದು ಯಾವುದು ಅಂದರೆ, ಶಾಖ. ಬಿಸಿನೀರಿನ ಚೀಲ, ಬಟ್ಟೆ ಸುತ್ತಿದ ಬಿಸಿ ಇಟ್ಟಿಗೆ. ಕಿಬ್ಬೊಟ್ಟೆಗೆ ಒಂದೇ ಸಮ ಶಾಖ ಕೊಟ್ಟರೆ ಐಬುಪ್ರೊಫೇನ್‌ನಷ್ಟೇ ಆರಾಮ ಸಿಕ್ಕಿದ್ದು ಪ್ರಯೋಗದಲ್ಲೇ ಕಂಡಿದೆ. ಮೊದಲ ಮೂರು ದಿನ ಒಣಶುಂಠಿ, ದಿನಕ್ಕೆ 750ರಿಂದ 2000 ಮಿಲಿಗ್ರಾಂ ಪುಡಿ, ಇದರ ಪ್ರಯೋಗಗಳು ಸಣ್ಣವು, ಆದರೂ ಫಲಿತಾಂಶ ಪರವಾಗಿಲ್ಲ. ವಾರಕ್ಕೆ ಮೂರು ಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ವ್ಯಾಯಾಮ ಮಾಡುವವರಲ್ಲೂ ನೋವು ಕಡಿಮೆಯಾಗುತ್ತದೆ ಅಂತ 2019ರ ಒಂದು ದೊಡ್ಡ ವಿಮರ್ಶೆ ಹೇಳಿತು. ಇದ್ಯಾವುದನ್ನೂ ಬಾಟಲಿಯಲ್ಲಿ ತುಂಬಿ ಮಾರಲು ಆಗುವುದಿಲ್ಲ, ಅದಕ್ಕೇ ಇರಬೇಕು ಯಾರೂ ಇದರ ರೀಲ್ಸ್ ಮಾಡಲ್ಲ.

ಇನ್ನೊಂದು, ರೆಸ್ಟು. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು, ಒಳ್ಳೆಯದಾಯಿತು. ಮಂಡಕ್ಕಿ ಭಟ್ಟಿಯ ಕಾವಿನಲ್ಲಿ ನಿಂತು ದಿನಗೂಲಿ ಎಣಿಸುವವಳಿಗೆ, ಅಡಿಕೆ ಸುಲಿಯಲು ಹೋಗುವವಳಿಗೆ ಆ ರಜೆ ಕೊಡುವವರು ಯಾರು? ಅವಳ ಪಾಲಿಗೆ ಶಾಖ ಅಂದರೆ ಭಟ್ಟಿಯದ್ದೇ.

ಹೆಂಗಸರು ಆಸ್ಪತ್ರೆ ಬಿಟ್ಟು ಜಾಡಿ ಹಿಂದೆ ಯಾಕೆ ಹೋಗುತ್ತಾರೆ ಅನ್ನುವುದಕ್ಕೆ ಬರೀ ರೀಲ್ಸ್ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ನಮ್ಮ ಕಡೆ ನಲವತ್ತು ದಾಟದ ಎಷ್ಟೋ ಹೆಂಗಸರು "ನಂದು ತೆಗ್ಸಿ ಆಯ್ತು" ಅನ್ನುವುದನ್ನು ಕೇಳಿದ್ದೇನೆ. ಗರ್ಭಕೋಶ ತೆಗೆಸುವುದನ್ನು ಹಲ್ಲು ಕೀಳಿಸಿದಷ್ಟು ಸಲೀಸಾಗಿ ಹೇಳುತ್ತಾರೆ. ಬೇಡದಿದ್ದರೂ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿ ಮಾಡಬೇಕು ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಡಾಕ್ಟರ ಹತ್ತಿರ ಹೋದರೆ ಒಂದೋ "ಮದುವೆ ಆದ್ಮೇಲೆ ಸರಿ ಹೋಗುತ್ತೆ" ಅನ್ನುತ್ತಾರೆ, ಇಲ್ಲ "ತೆಗೆದುಬಿಡೋಣ" ಅನ್ನುತ್ತಾರೆ ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ. ನನಗೂ ಇಪ್ಪತ್ತರಲ್ಲಿ ಒಬ್ಬರು ಮೊದಲನೆಯದನ್ನೇ ಹೇಳಿದ್ದರು. ಮದುವೆ ಆಯಿತು, ನೋವು ಹೋಗಲಿಲ್ಲ.

ಆದರೂ ಹೋಗಬೇಕಾದ ಹೊತ್ತು ಅಂತ ಒಂದಿದೆ. ಒಂದೆರಡು ಗಂಟೆಗೇ ಪ್ಯಾಡ್ ತುಂಬಿ ಬದಲಿಸಬೇಕಾದರೆ, ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆ ಬೀಳುತ್ತಿದ್ದರೆ, ಏಳು ದಿನ ದಾಟಿದರೆ, 21 ದಿನದೊಳಗೆ ಮತ್ತೆ ಬಂದರೆ, ನಡುನಡುವೆ ರಕ್ತ ಕಂಡರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಕಾಣಿಸಿದರೆ ಯಾವ ಕಷಾಯವನ್ನೂ ಕಾಯಬೇಡಿ. ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮಲಮೂತ್ರ ಮಾಡುವಾಗಲೂ ನೋಯುತ್ತಿದ್ದರೆ ಎಂಡೋಮೆಟ್ರಿಯೋಸಿಸ್ ಇರಬಹುದು, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆಯುವ ಕಾಯಿಲೆ. ಜಗತ್ತಿನಲ್ಲಿ ಮಕ್ಕಳಾಗುವ ವಯಸ್ಸಿನ ಹತ್ತರಲ್ಲಿ ಒಬ್ಬಳಿಗೆ ಅದಿದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಗೊತ್ತಾಗುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿರುತ್ತದೆ. ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ, ಅದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ.

ನಮ್ಮ ಹುಡುಗಿಯನ್ನು ಆ ದಿನ ಡಾಕ್ಟರಮ್ಮ ಮೊದಲು ಕೇಳಿದ್ದೇ ಪ್ಯಾಡಿನ ಲೆಕ್ಕ. ಎರಡನೇ ದಿನ ಒಂಬತ್ತು, ರಾತ್ರಿ ಎರಡು ಸಲ ಎದ್ದು ಬದಲಿಸುತ್ತಾಳೆ. "ಎಲ್ಲರಿಗೂ ಹಿಂಗೇ ಅಲ್ವಾ?" ಅಂದಳು. ಪಕ್ಕದಲ್ಲಿದ್ದ ನಮ್ಮಕ್ಕ "ನಂಗೂ ಹಂಗೇ ಆಗ್ತಿತ್ತು" ಅಂದಾಗ ಡಾಕ್ಟರು ಪೆನ್ನು ಕೆಳಗಿಟ್ಟು ಅಕ್ಕನ ಮುಖ ನೋಡಿದರು. ತಾಯಿಗೂ ಮಗಳಿಗೂ ಹಾಗಿದ್ದರೆ ರಕ್ತ ಹೆಪ್ಪುಗಟ್ಟುವುದರಲ್ಲೇ ವಂಶದಿಂದ ಬಂದ ತೊಂದರೆ ಇರಬಹುದಂತೆ. ಪರೀಕ್ಷೆ ಮಾಡಿಸಿದೆವು, ಅದಿರಲಿಲ್ಲ. ಸ್ಕ್ಯಾನ್ ಕೂಡ ನೆಟ್ಟಗಿತ್ತು. ಕಬ್ಬಿಣದ ಮಾತ್ರೆ, ಆ ದಿನಗಳಲ್ಲಿ ಸ್ರಾವ ಕಡಿಮೆ ಮಾಡುವ ಮಾತ್ರೆ ಕೊಟ್ಟರು. ಮೂರು ತಿಂಗಳಿಗೆ 11.2 ಆಯಿತು. ನಂಬರ್ ಏರಿತು ಅಂತ ನಿಲ್ಲಿಸಬೇಡ, ಮೈಯೊಳಗಿನ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಬೇಕು ಅಂದಿದ್ದಾರೆ.

ಜಾಡಿ ಇನ್ನೂ ಇದೆ. ಈಗ ಬಟ್ಟೆ ಕಟ್ಟಿ ಅಟ್ಟದ ಕೆಳಗೆ ತಂಪಾದ ಜಾಗದಲ್ಲಿ ಕೂರುತ್ತದೆ, ಸಂಜೆ ಸಣ್ಣ ಲೋಟ ಕುಡಿಯುತ್ತಾಳೆ, ರುಚಿಗೆ. ಅಮ್ಮ ಊರಿಂದ ಫೋನ್ ಮಾಡಿದಾಗಲೆಲ್ಲ "ಆ ಚರ್ಮ ಇನ್ನೂ ಬದುಕೈತಾ?" ಅಂತ ಕೇಳುತ್ತಾಳೆ. ಪ್ಯಾಡಿನ ಲೆಕ್ಕವನ್ನು ಹುಡುಗಿ ಅಡುಗೆಮನೆಯ ಕ್ಯಾಲೆಂಡರ್ ಮೇಲೇ ಬರೆಯುತ್ತಾಳೆ, ಹಾಲಿನ ಲೆಕ್ಕದ ಪಕ್ಕದಲ್ಲೇ, 3, 6, 4 ಅಂತ. ಹೋದ ತಿಂಗಳು ಹಾಲಿನವನಿಗೆ ದುಡ್ಡು ಕೊಡುವಾಗ ನಮ್ಮ ಯಜಮಾನರು ಅದನ್ನೂ ಕೂಡಿಸಿಬಿಟ್ಟಿದ್ದರು.